ಬೆಳ್ಳಗಿರೋದೆಲ್ಲ ಹಾಲಲ್ಲ, ಹೊಳೆಯೋ ಆರ್‌ಎಕ್ಸ್ ಎಲ್ಲ ‘ಜಪಾನ್’ ಅಲ್ಲ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನಾನು ಆನೇಮಹಲ್‌ನಿಂದ ಮಾತಾಡ್ತಿದ್ದೀನಿ. ಸಕಲೇಶಪುರದ ಪಕ್ಕದ ಊರು, ಸುತ್ತ ಕಾಫಿ ತೋಟ. ಇಲ್ಲಿ ನಂದೊಂದು ಸಣ್ಣ ಗ್ಯಾರೇಜಿದೆ. ಹೊರಗಡೆ ಮಳೆ ಹೊಡೀತಾ ಇದೆ, ಮಧ್ಯೆ ಶೀಟಿನ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ.

ಈಗ ಕೆಲವು ವರ್ಷದಿಂದ ನನಗೆ ಬರೋ ಫೋನುಗಳಲ್ಲಿ ಅರ್ಧ ಒಂದೇ ಪ್ರಶ್ನೆ. ‘ಅಣ್ಣಾ, ವಾಟ್ಸ್‌ಆ್ಯಪ್‌ಗೆ ಫೋಟೊ ಕಳಿಸಿದೀನಿ, ನೋಡಿ. ಇದು ಒರಿಜಿನಲ್ಲಾ?’ ಫೋಟೊದಲ್ಲಿ ಇರೋದು ಹೆಚ್ಚಾಗಿ ಯಮಹಾ ಆರ್‌ಎಕ್ಸ್ 100. ಪೇಂಟ್ ಕನ್ನಡಿ ಥರ ಹೊಳೀತಿರುತ್ತೆ, ಕ್ರೋಮ್‌ನಲ್ಲಿ ಫೋಟೊ ತೆಗೆದವನ ಮುಖ ಕಾಣುತ್ತೆ. ಕೆಳಗೆ ಬರೆದಿರ್ತಾರೆ: ‘ಜಪಾನ್ ಪೀಸ್, ಫಸ್ಟ್ ಲಾಟ್.’ ಫೋಟೊ ನೋಡಿ ನಾನು ಏನೂ ಹೇಳಲ್ಲ. ಯಾಕೆ ಹೇಳಲ್ಲ, ಎದುರಿಗೆ ಗಾಡಿ ನಿಂತಾಗ ಏನೇನು ನೋಡ್ತೀನಿ, ಇದನ್ನೇ ಇವತ್ತು ಹೇಳ್ತೀನಿ. ನಾನೇ ಮಾಡಿದ ಒಂದು ತಪ್ಪನ್ನೂ ಹೇಳ್ತೀನಿ.

ಮೊದಲು ಸ್ವಲ್ಪ ಹಿನ್ನೆಲೆ. ಆರ್‌ಎಕ್ಸ್ 100 ನಮ್ಮ ದೇಶಕ್ಕೆ ಬಂದಿದ್ದು 1985ರ ಕೊನೇಲಿ. ಯಮಹಾ ಜೊತೆ ಒಪ್ಪಂದ ಮಾಡ್ಕೊಂಡು ಇಲ್ಲಿ ತಯಾರಿಸಿದವರು ಎಸ್ಕಾರ್ಟ್ಸ್ ಕಂಪನಿಯವರು. ಮೊದಮೊದಲು ಜಪಾನಿನಿಂದ ಬಿಡಿಭಾಗಗಳು ಬಂದು ಇಲ್ಲಿ ಜೋಡಣೆ ಆಗ್ತಿತ್ತು. ಆಮೇಲೆ ಒಂದೊಂದೇ ಭಾಗ ಇಲ್ಲೇ ತಯಾರಾಗೋಕೆ ಶುರುವಾಯ್ತು. ಹೊಗೆಯ ನಿಯಮ ಬಿಗಿಯಾಗ್ತಿದ್ದಂಗೆ 1996ರಲ್ಲಿ ಉತ್ಪಾದನೆ ನಿಂತಿತು. 98 ಸಿಸಿ ಎಂಜಿನ್, 11 ಬಿಎಚ್‌ಪಿ, ಗಾಡಿ ತೂಕ ನೂರು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಕಾಗದದ ಮೇಲೆ ಇದು ದೊಡ್ಡ ಶಕ್ತಿ ಅಲ್ಲ. ಆದ್ರೆ ಹಿಂದೆ ಕಾಫಿ ಮೂಟೆ ಕಟ್ಕೊಂಡು ನಮ್ಮ ಏರುರಸ್ತೆ ಹತ್ತಿದವರನ್ನ ಕೇಳಿ, ಅವರು ಬೇರೆ ಲೆಕ್ಕ ಹೇಳ್ತಾರೆ.

ಈ ಹಿನ್ನೆಲೆ ಯಾಕೆ ಹೇಳಿದೆ ಅಂದ್ರೆ, ‘ಜಪಾನ್’ ಅನ್ನೋ ಒಂದು ಮಾತಿಗೆ ಇವತ್ತು ಸಾವಿರಗಟ್ಟಲೆ ರೂಪಾಯಿ ಬೆಲೆ ಇದೆ. ಮೊದಲ ವರ್ಷಗಳ ಗಾಡಿ ಕಡಿಮೆ, ಬೇಕು ಅನ್ನೋರು ಜಾಸ್ತಿ. ಸುಳ್ಳು ಹುಟ್ಟೋಕೆ ಇಷ್ಟು ಸಾಕು.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಜಪಾನಿನಲ್ಲೇ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಅಂತ ಒಂದು ಕಾರಿದೆ, 1969ರದ್ದು. ‘ಹಾಕೋಸುಕಾ’ ಅನ್ನೋದು ಅದರ ಅಡ್ಡಹೆಸರು. ಅದರ ಎಂಜಿನ್ ರೇಸ್ ಕಾರಿನ ವಂಶದ್ದು, ಎಸ್20 ಅಂತ, ಆರು ಸಿಲಿಂಡರಿಗೆ 24 ವಾಲ್ವ್. ಅದೇ ಕಾಲದ ಸಾಧಾರಣ ಸ್ಕೈಲೈನ್ ಜಿಟಿ ಹೊರಗಿಂದ ನೋಡೋಕೆ ಹೆಚ್ಚುಕಮ್ಮಿ ಹಂಗೇ ಇತ್ತು. ಹಿಂದಿನ ಚಕ್ರದ ಮೇಲಿನ ತಗಡು ಕತ್ತರಿಸಿ, ಜಿಟಿ-ಆರ್ ಬ್ಯಾಡ್ಜ್ ಅಂಟಿಸಿದ್ರೆ ದೂರದಿಂದ ಗೊತ್ತೇ ಆಗಲ್ಲ. ಹಂಗೆ ಮಾಡಿದ ಕಾರುಗಳು ಬೇಕಾದಷ್ಟಿವೆ. ತಿಳಿದವರು ಏನು ಮಾಡ್ತಾರೆ? ಬ್ಯಾಡ್ಜ್ ಕಡೆ ನೋಡೋದೇ ಇಲ್ಲ, ಚಾಸಿ ನಂಬರ್ ಓದ್ತಾರೆ. ಎರಡು ಬಾಗಿಲಿನ ಅಸಲಿ ಜಿಟಿ-ಆರ್ ಆದ್ರೆ ‘ಕೆಪಿಜಿಸಿ10’ ಅಂತ ಶುರುವಾಗುತ್ತೆ. ಸಾಧಾರಣ ಜಿಟಿ ಆದ್ರೆ ‘ಕೆಜಿಸಿ10’. ಮಧ್ಯದ ಒಂದು ‘ಪಿ’ ಅಕ್ಷರ, ಅಷ್ಟೇ ವ್ಯತ್ಯಾಸ. ಅಲ್ಲಿ ಕೋಟಿಗಳ ವ್ಯವಹಾರ, ಇಲ್ಲಿ ಲಕ್ಷದ್ದು. ನೋಡೋ ಕ್ರಮ ಮಾತ್ರ ಒಂದೇ.

ಮೊದಲು ಕಾಗದ, ಆಮೇಲೆ ಕಬ್ಬಿಣ

ಹೋದ ವರ್ಷ ಆಲೂರು ಕಡೆಯ ಒಬ್ಬ ಹುಡುಗ ಬಂದ. ಇಪ್ಪತ್ತನಾಲ್ಕು ವಯಸ್ಸಿರಬೇಕು. ಮನೇಲಿ ಮೆಣಸು ಮಾರಿದ ದುಡ್ಡು ಬಂದಿತ್ತು, ಅಪ್ಪನ್ನ ಹೆಂಗೋ ಒಪ್ಪಿಸಿದ್ದ. ‘ಅಣ್ಣ, 85ರ ಮಾಡೆಲ್, ಒಂದು ತೊಂಬತ್ತಕ್ಕೆ ಮಾತಾಗಿದೆ, ಇಪ್ಪತ್ತು ಸಾವಿರ ಟೋಕನ್ ಕೊಟ್ಟಿದೀನಿ. ಸುಮ್ನೆ ಒಂದ್ಸಲ ಬಂದು ನೋಡಿ’ ಅಂದ. ಒಂದು ಲಕ್ಷದ ತೊಂಬತ್ತು ಸಾವಿರ. ಟೋಕನ್ ಕೊಟ್ಟ ಮೇಲೆ ನನ್ನ ಕರೀತಿದ್ದಾನಲ್ಲ ಅಂತ ಬೈಕೊಂಡೇ ಹೊರಟೆ.

ಗಾಡಿ ನಿಂತಿತ್ತು, ಮದುವಣಗಿತ್ತಿ ಥರ. ನಾನು ಮೊದಲು ನೋಡಿದ್ದು ನಂಬರ್ ಪ್ಲೇಟ್. ‘ಕೆಎ’ ಅಂತ ಶುರುವಾಗ್ತಿತ್ತು. ನೋಡಿ, ಈ ‘ಕೆಎ’ ಅಕ್ಷರಗಳು ಬಂದಿದ್ದು ಹೊಸ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಗೆ ಬಂದ ನಂತರ. 85-86ರಲ್ಲಿ ಕರ್ನಾಟಕದಲ್ಲಿ ನೋಂದಣಿಯಾದ ಗಾಡಿಗೆ ಮೂರು ಅಕ್ಷರದ ಹಳೇ ನಂಬರ್ ಇರಬೇಕು. ಹಾಸನದ ಕೆಎ-13, ಸಕಲೇಶಪುರದ ಕೆಎ-46 ಇರೋ ಗಾಡಿಯನ್ನ ‘85ರ ಮಾಡೆಲ್’ ಅಂದ್ರೆ, ಅದು ಬೇರೆ ರಾಜ್ಯದಿಂದ ಬಂದು ಮತ್ತೆ ನೋಂದಣಿ ಆಗಿರಬೇಕು, ಇಲ್ಲಾ ಹೇಳ್ತಿರೋದು ಸುಳ್ಳಿರಬೇಕು. ಯಾವುದು ಅಂತ ಆರ್‌ಟಿಒ ಕಚೇರಿಯ ಬಿ ಎಕ್ಸ್‌ಟ್ರಾಕ್ಟ್ ಹೇಳುತ್ತೆ. ಗಾಡಿಯ ಜಾತಕ ಅದರಲ್ಲಿದೆ. ಈ ಗಾಡಿಯ ಜಾತಕ ತೆಗೆಸಿದಾಗ ಬಂದ ಇಸವಿ 1994.

ಮಾರೋನು ನಗ್ತಾ, ‘ರಿಜಿಸ್ಟ್ರೇಷನ್ ಲೇಟಾಗಿತ್ತು ಅಣ್ಣ, ಎಂಜಿನ್ ಪಕ್ಕಾ ಜಪಾನ್’ ಅಂದ. ಆಯ್ತು ಅಂತ ಎಂಜಿನ್ ಕಡೆ ತಿರುಗಿದೆ.

ಸ್ಟಾರ್ಟ್ ಮಾಡಬೇಡ ಅಂದೆ. ಸದ್ದು ಕೇಳಿದ ಕೂಡ್ಲೇ ಮನುಷ್ಯನ ಬುದ್ಧಿ ಹೋಗುತ್ತೆ, ನಂದೂ ಹೋಗುತ್ತೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸ್ತಾ ಗೇರ್ ಎಣಿಸ್ದೆ. ಒಂದು, ಎರಡು, ಮೂರು, ನಾಲ್ಕು, ಐದು. ಆರ್‌ಎಕ್ಸ್ 100ಕ್ಕೆ ಇರೋದು ನಾಲ್ಕೇ ಗೇರು. ಐದು ಗೇರು ಬಂದಿದ್ದು ಆಮೇಲಿನ ಆರ್‌ಎಕ್ಸ್ 135ರ ಕಾಲಕ್ಕೆ, 132 ಸಿಸಿ ಎಂಜಿನ್ ಅದು. ಆ ಎಂಜಿನ್ ತಂದು 100ರ ಫ್ರೇಮಿಗೆ ಕೂರಿಸೋದು ಗ್ಯಾರೇಜಿನವರಿಗೆ ಹೊಸದಲ್ಲ. ಓಡಿಸೋಕೆ ಮಜಾನೂ ಇರುತ್ತೆ. ಹಂಗಂತ ಹೇಳಿ ಮಾರಲಿ, ನನ್ನ ತಕರಾರಿಲ್ಲ.

ಕೊನೆಗೆ ನಂಬರು. ಎಂಜಿನ್ ನಂಬರ್ ಕೊರೆದ ಜಾಗಕ್ಕೆ ಟಾರ್ಚ್ ಅಡ್ಡಲಾಗಿ ಹಿಡಿದು ನೋಡಬೇಕು, ನೇರವಾಗಿ ಹಿಡಿದ್ರೆ ಏನೂ ಕಾಣಲ್ಲ. ಅಡ್ಡ ಬೆಳಕಿಗೆ ಉಜ್ಜಿದ ಗೆರೆಗಳು ಎದ್ದು ಕಾಣುತ್ತವೆ. ಸುತ್ತಲಿನ ಎರಕ ಒರಟಾಗಿತ್ತು, ನಂಬರಿನ ಜಾಗ ಮಾತ್ರ ನುಣ್ಣಗೆ. ಅಂಕಿಗಳು ಒಂದೇ ಸಾಲಲ್ಲಿ ನಿಂತಿರಲಿಲ್ಲ, ಆಳವೂ ಒಂದೇ ಇರಲಿಲ್ಲ. ಆರ್‌ಸಿ ಪುಸ್ತಕದಲ್ಲಿರೋ ಅಂಕಿಯೇ ಇತ್ತು, ಆದ್ರೆ ಕಾರ್ಖಾನೆಯ ಕೈ ಅಲ್ಲ.

ಹುಡುಗನ್ನ ಪಕ್ಕಕ್ಕೆ ಕರೆದು ಹೇಳ್ದೆ: ‘ಮರಿ, ಇಲ್ಲಿವರೆಗೂ ಇದು ಅಸಲಿಯೋ ನಕಲಿಯೋ ಅನ್ನೋ ಪ್ರಶ್ನೆ. ಇನ್ನು ಮುಂದೆ ಇದು ಪೊಲೀಸ್ ಪ್ರಶ್ನೆ. ಈ ಎಂಜಿನ್ ಯಾರದ್ದೋ ಕಳುವಾದ ಗಾಡಿದೂ ಇರಬಹುದು. ತಗೊಂಡ್ರೆ ನಾಳೆ ಉತ್ತರ ಕೊಡೋನು ನೀನು.’ ಅವನ ಕಣ್ಣಲ್ಲಿ ನೀರು ಬಂತು. ವಾಪಸ್ ಬಂದ್ವಿ. ಇಪ್ಪತ್ತು ಸಾವಿರ ಇವತ್ತಿನವರೆಗೂ ಬಂದಿಲ್ಲ.

ಅದಕ್ಕೇ ಹೇಳೋದು, ಟೋಕನ್‌ಗೆ ಮುಂಚೆ ಜಾತಕ. ಫ್ರೇಮಿನ ನಂಬರ್ ಹ್ಯಾಂಡಲ್ ಕೆಳಗಿನ ಕುತ್ತಿಗೆ ಭಾಗದಲ್ಲಿರುತ್ತೆ. ಅಲ್ಲಿ ದಪ್ಪಗೆ ಪೇಂಟ್ ಬಳಿದು ನಂಬರ್ ಮುಚ್ಚಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ.

ಯಾರೂ ನೋಡದ ಜಾಗದಲ್ಲಿ ನಿಜ ಇರುತ್ತೆ

ನಂಬರ್ ಸರಿಯಿದ್ರೆ ಆಮೇಲೆ ಸಣ್ಣಸಣ್ಣ ವಿಷಯ. ನಾನು ಟ್ಯಾಂಕ್ ನೋಡಲ್ಲ, ಸೈಡ್ ಪ್ಯಾನೆಲ್ ಬಿಚ್ಚಿ ನೋಡ್ತೀನಿ. ಆರ್‌ಎಕ್ಸ್ 100ಕ್ಕೆ ಆಯಿಲ್‌ಗೆ ಬೇರೆ ಟ್ಯಾಂಕಿದೆ. ಆಕ್ಸಿಲರೇಟರ್ ತಿರುಗಿಸಿದಷ್ಟಕ್ಕೆ ತಕ್ಕಂತೆ ಒಂದು ಪುಟ್ಟ ಪಂಪು ಎಂಜಿನ್‌ಗೆ ಆಯಿಲ್ ಕೊಡುತ್ತೆ. ಯಮಹಾದವರು ಅದನ್ನ ಆಟೋಲ್ಯೂಬ್ ಅಂತಾರೆ. ನಮ್ಮಲ್ಲಿ ಮುಕ್ಕಾಲು ಪಾಲು ಮೆಕ್ಯಾನಿಕ್‌ಗಳು, ನಾನೂ ಸೇರಿ, ಪಂಪ್ ನಂಬದೆ ಅದನ್ನ ಮುಚ್ಚಿ, ಆಯಿಲನ್ನ ನೇರ ಪೆಟ್ರೋಲಿಗೆ ಸುರಿಯೋ ಅಭ್ಯಾಸ ಮಾಡಿದ್ವಿ. ಹಾಗಾಗಿ ಆ ಪಂಪು ಇನ್ನೂ ಕೆಲಸ ಮಾಡ್ತಿದ್ರೆ ನನಗೆ ಖುಷಿ. ಆ ಗಾಡಿಯನ್ನ ಯಾರೋ ಪುಸ್ತಕ ಓದಿ ನೋಡ್ಕೊಂಡಿದ್ದಾರೆ ಅಂತ ಅರ್ಥ.

ಮುಂದೆ ಡಿಸ್ಕ್ ಬ್ರೇಕ್ ಇದ್ರೆ ಅದು ಆಮೇಲೆ ಹಾಕಿದ್ದು, ಕಾರ್ಖಾನೆಯಿಂದ ಬಂದಿದ್ದು ಡ್ರಮ್. ಕಾರ್ಬೊರೇಟರ್ ಮೇಲೆ ಮಿಕುನಿ ಅಂತ ಇದ್ಯಾ ನೋಡಿ. ಸೈಲೆನ್ಸರ್ ಒಳಗಿನ ಬ್ಯಾಫಲ್ ಇದ್ಯಾ, ಯಾರಾದ್ರೂ ಹರೆಯದ ಹುಮ್ಮಸ್ಸಲ್ಲಿ ಕಿತ್ತು ಬಿಸಾಕಿದ್ದಾರಾ? ಬೋಲ್ಟಿನ ತಲೆ ಸವೆದಿದ್ಯಾ? ಸೀಟ್ ಎತ್ತಿ ಕೆಳಗಿನ ಪೇಂಟ್ ನೋಡಿ. ಬಿಸಿಲು ಬೀಳದ ಆ ಜಾಗದಲ್ಲಿ ಕಾರ್ಖಾನೆಯ ಬಣ್ಣ ಉಳ್ಕೊಂಡಿರುತ್ತೆ.

ತುಕ್ಕಿನ ಬಗ್ಗೆ ಒಂದು ಮಾತು. ನಮ್ಮ ಮಲೆನಾಡಿನ ಮಳೇಲಿ ಮೂವತ್ತು ಮಳೆಗಾಲ ಕಳೆದ ಗಾಡಿ ಮೇಲೆ ಎಲ್ಲೂ ಒಂದು ಚುಕ್ಕೆ ತುಕ್ಕಿಲ್ಲ ಅಂದ್ರೆ, ನಾನು ಮೆಚ್ಚಲ್ಲ, ಅನುಮಾನ ಪಡ್ತೀನಿ. ಒಂದೋ ತಗಡು ಬದಲಾಗಿದೆ, ಇಲ್ಲಾ ಪುಟ್ಟಿ ತುಂಬಿದೆ. ಮೇಲ್ಮೇಲಿನ ತುಕ್ಕು ವಯಸ್ಸಿನ ಗುರುತು, ಒಳಗೆ ತಿಂದಿರೋ ತುಕ್ಕು ರೋಗ. ಅದಕ್ಕೆ ಮಾತ್ರ ಚಿಕಿತ್ಸೆ ಬೇಕು.

ಚಿಕ್ಕಪ್ಪನ ಪ್ರಶ್ನೆ

ಈಗ ನನ್ನ ತಪ್ಪಿನ ಕತೆ. ನಮ್ಮ ಚಿಕ್ಕಪ್ಪ ತೋಟದಲ್ಲಿ ರೈಟರ್ ಆಗಿದ್ರು. 86ರಲ್ಲಿ ತಗೊಂಡ ಆರ್‌ಎಕ್ಸ್ ಅವರ ಹತ್ರ ಇತ್ತು, ಕಪ್ಪು ಬಣ್ಣದ್ದು. ಅದರ ಆಯಿಲ್ ಪಂಪೂ ನೆಟ್ಟಗಿತ್ತು. 2009ರಲ್ಲಿ ‘ಸ್ವಲ್ಪ ಸರಿ ಮಾಡಿಕೊಡೋ’ ಅಂತ ನನಗೆ ಬಿಟ್ಟು ಹೋದ್ರು. ಅವರಿಗೆ ಬೇಕಾಗಿದ್ದು ಕಾರ್ಬೊರೇಟರ್ ಸರ್ವೀಸು, ಹೊಸ ಬ್ರೇಕ್ ಶೂ. ನನಗೆ ಅವರನ್ನ ಬೆರಗುಗೊಳಿಸೋ ಆಸೆ.

ಪೂರ್ತಿ ಬಿಚ್ಚಿದೆ. ಹೊಸಾ ಪೇಂಟ್, ಹೊಸಾ ಕ್ರೋಮ್, ಹೊಸಾ ಸೈಲೆನ್ಸರ್, ಹೊಸಾ ಇಂಡಿಕೇಟರ್. ಹಳೇ ಕಾರ್ಬೊರೇಟರ್, ಮೀಟರ್, ಲೈಟಿನ ರಿಮ್ಮು, ಎಲ್ಲ ಚೀಲಕ್ಕೆ ತುಂಬಿ ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿದೆ. ಎಷ್ಟು ಸಿಕ್ತು ಅಂತ ಹೇಳೋಕೂ ನಾಚಿಕೆ. ಹಿಂದಿನ ಕ್ಯಾರಿಯರ್ ಹತ್ರ ಮೂಟೆ ಕಟ್ಟಿದ ಹಗ್ಗ ಉಜ್ಜಿ ಉಜ್ಜಿ ಎರಡು ಗೆರೆ ಬಿದ್ದಿತ್ತು. ಟ್ಯಾಂಕಿನ ಎರಡೂ ಕಡೆ ಮಂಡಿ ತಾಗಿ ತಾಗಿ ಬಣ್ಣ ಸವೆದಿತ್ತು. ಅವನ್ನೆಲ್ಲ ಮುಚ್ಚಿದೆ.

ಚಿಕ್ಕಪ್ಪ ಬಂದ್ರು. ಸುತ್ತ ಒಂದು ಸಲ ನಡೆದು ನೋಡಿದ್ರು. ‘ಚೆನ್ನಾಗೈತೆ ಕಣೋ. ಯಾರದ್ದು ಈ ಗಾಡಿ?’ ಅಂದ್ರು.

ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡೆ. ಮಾಡ್ತಿರಲಿಲ್ಲ. ನಿಮ್ಮದೇ ಚಿಕ್ಕಪ್ಪ ಅಂದಾಗ ಟ್ಯಾಂಕಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ನಿದ್ರು. ದುಡ್ಡು ಕೊಟ್ರು, ತಗೊಂಡು ಹೋದ್ರು. ಒಂದು ಮಾತೂ ಬೈಲಿಲ್ಲ. ಬೈದಿದ್ರೆ ನಾನು ಮರೆತುಬಿಡ್ತಿದ್ದೆನೇನೋ.

ಆ ಚೀಲದಲ್ಲಿದ್ದ ಒಂದೊಂದು ಭಾಗಕ್ಕೂ ಇವತ್ತು ಜನ ಊರೂರು ಅಲೀತಾರೆ. ಆದ್ರೆ ನಷ್ಟ ಬರೀ ದುಡ್ಡಿಂದಲ್ಲ. ಮೊದಲ ವರ್ಷಗಳ ಗಾಡಿ ಕಾರ್ಖಾನೆಯಿಂದ ಹೇಗೆ ಬರ್ತಿತ್ತು, ಪೇಂಟ್ ಎಷ್ಟು ತೆಳು ಇತ್ತು, ಯಾವ ವೈರ್ ಯಾವ ದಾರೀಲಿ ಹೋಗ್ತಿತ್ತು, ಇದಕ್ಕೆಲ್ಲ ಸಾಕ್ಷಿ ಅಂತ ಒಂದು ಗಾಡಿ ಇತ್ತು. ಆ ಸಾಕ್ಷಿಯ ಬಾಯಿ ನಾನೇ ಮುಚ್ಚಿಸಿದೆ.

ಆ ಹುಡುಗ ಯಾಕೆ ಮೋಸ ಹೋದ? ಅವನು ದಡ್ಡ ಅಲ್ಲ. ಅವನ ಕಣ್ಣು ಯಾವತ್ತೂ ಒಂದು ಅಸಲಿ ಆರ್‌ಎಕ್ಸ್ ನೋಡೇ ಇರಲಿಲ್ಲ. ನೋಡಿದ್ದೆಲ್ಲ ಫೋನಿನಲ್ಲಿ ಹೊಳೆಯೋ ಗಾಡಿಗಳನ್ನೇ. ನಮ್ಮಂಥವರು ಅಸಲಿಗಳನ್ನ ಒಂದೊಂದಾಗಿ ‘ಹೊಸದು’ ಮಾಡಿದ್ದಕ್ಕೇ ಅವನಿಗೆ ಹೋಲಿಸಿ ನೋಡೋಕೆ ಏನೂ ಉಳಿದಿರಲಿಲ್ಲ.

ಅದಕ್ಕೆ ಒಂದು ಭಾನುವಾರ ಅವನನ್ನ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಕರ್ಕೊಂಡು ಹೋದೆ. ಅವರ ಆರ್‌ಎಕ್ಸ್ ಗೊಬ್ಬರದ ಚೀಲದ ಪಕ್ಕ ನಿಂತಿರುತ್ತೆ. ಬಣ್ಣ ಮಾಸಿದೆ, ಸೀಟು ಹರಿದಿದೆ, ನಂಬರ್ ಮೂರಕ್ಷರದ ಹಳೇದು. ‘ಮಗಳ ಮದುವೆಗೆ ಮುಂಚೆ ಪೇಂಟ್ ಹೊಡೆಸೋಣ ಅಂತಿದ್ದೆ’ ಅಂದ್ರು ಮೇಷ್ಟ್ರು. ‘ಸರ್, ದಯವಿಟ್ಟು ಬೇಡ’ ಅಂತ ನಾನು ಕೈಮುಗಿದೆ. ಹುಡುಗ ಎರಡು ಗಂಟೆ ಕೂತು ಒಂದೊಂದು ಬೋಲ್ಟ್ ನೋಡಿದ. ಮಾರ್ತೀರಾ ಅಂತ ಕೇಳಿಯೂ ಕೇಳಿದ. ‘ಮಾರಲ್ಲಪ್ಪ, ನೋಡೋಕೆ ಯಾವಾಗ ಬೇಕಾದ್ರೂ ಬಾ’ ಅಂದ್ರು.

ಕೊನೇದಾಗಿ ಒಂದು ಕಾನೂನಿನ ವಿಷಯ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂಥ ವಾಹನಕ್ಕೆ ‘ವಿಎ’ ಅಕ್ಷರ ಇರೋ ನಂಬರ್ ಸಿಗುತ್ತೆ. ನಮ್ಮ ಮೊದಲ ಆರ್‌ಎಕ್ಸ್‌ಗಳು ಆ ವಯಸ್ಸು ಮುಟ್ಟೋದು 2035ಕ್ಕೆ. ಅಷ್ಟರಲ್ಲಿ ಮೂಲ ರೂಪದಲ್ಲಿ ಎಷ್ಟು ಉಳಿದಿರುತ್ತವೆ ಅನ್ನೋದು ನಮ್ಮ ಕೈಲಿದೆ.

ನಿಮ್ಮ ಮನೆಯ ಶೆಡ್ಡಿನಲ್ಲಿ, ಕೊಟ್ಟಿಗೆ ಮೂಲೇಲಿ ಒಂದು ಹಳೇ ಗಾಡಿ ಇದ್ರೆ ಮೊದಲು ಒರೆಸಿ, ಆಯಿಲ್ ಹಾಕಿ, ಓಡೋ ಹಂಗೆ ಮಾಡಿ. ಬ್ರೇಕು, ಟೈರು, ಕೇಬಲ್ಲು ಬದಲಾಯಿಸಿ, ಅದು ಜೀವದ ಪ್ರಶ್ನೆ. ಬಿಚ್ಚಿದ ಹಳೇ ಭಾಗವನ್ನ ಡಬ್ಬದಲ್ಲಿಟ್ಟು ಮೇಲೆ ಚೀಟಿ ಅಂಟಿಸಿ. ಪೇಂಟಿಗೆ ಮಾತ್ರ ಅವಸರ ಬೇಡ. ಹೊಸಾ ಬಣ್ಣ ಯಾವಾಗ ಬೇಕಾದ್ರೂ ಹೊಡೆಸಬಹುದು, ಹೋದ ಹಳೇ ಬಣ್ಣ ತರೋಕಾಗಲ್ಲ.

ಚಿಕ್ಕಪ್ಪ ಈಗ ಇಲ್ಲ. ಗಾಡಿ ನನ್ನ ಹತ್ರನೇ ಇದೆ. ಈಗಲೂ ಹೊಳೀತಾ ಇದೆ. ಯಾರಾದ್ರೂ ಬಂದು ‘ಒರಿಜಿನಲ್ಲಾ ಅಣ್ಣ?’ ಅಂತ ಕೇಳಿದ್ರೆ, ‘ಅಲ್ಲ, ನಾನೇ ಕೆಡಿಸಿದ್ದು’ ಅಂತ ಹೇಳ್ತೀನಿ.

ಮಳೆ ಇನ್ನೂ ನಿಂತಿಲ್ಲ, ರಸ್ತೇಲಿ ಹುಷಾರಾಗಿ ಓಡಿಸಿ. ನಮಸ್ಕಾರ.