ತೋರಿಸಬೇಕೋ, ಇಳಿಸಬೇಕೋ: ಬ್ರೌಸರ್ ತೀರ್ಮಾನ ಮಾಡೋದು ಹೇಗೆ?

ಹಿಂಜೆವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ಕೂತು ಕೇಳ್ತಿರೋ ನಿಮ್ಮಲ್ಲಿ ಬಹಳ ಜನ ಈ ಟಿಕೆಟ್ ನೋಡಿರ್ತೀರಿ: "ಪಿಡಿಎಫ್ ಟ್ಯಾಬ್‌ನಲ್ಲಿ ತೆರೆಯೋ ಬದಲು ಡೌನ್‌ಲೋಡ್ ಆಗ್ತಿದೆ." ತಕ್ಷಣ ನಾವು ಫೈಲ್ ಹೆಸರಿನ ಬಾಲ ನೋಡ್ತೀವಿ, ಡಾಟ್ ಪಿಡಿಎಫ್ ಸರಿಯಾಗೇ ಇದೆಯಲ್ಲಾ ಅಂತ. ಬ್ರೌಸರ್ ಮೊದಲು ನೋಡೋದು ಬಾಲವನ್ನಲ್ಲ, ಸರ್ವರ್ ಕಳಿಸೋ ಹೆಡರ್‌ಗಳನ್ನ.

ಕಂಟೆಂಟ್-ಟೈಪ್ ಹೆಡರ್ ಇದು ಯಾವ ಬಗೆಯ ಫೈಲ್ ಅಂತ ಹೇಳುತ್ತೆ. ತೋರಿಸೋಕೆ ಬರೋ ಬಗೆಯಾದ್ರೆ ಬ್ರೌಸರ್ ತೋರಿಸುತ್ತೆ, ಇಲ್ಲದಿದ್ರೆ ಇಳಿಸುತ್ತೆ. ಕೋಡ್‌ನಿಂದ ಎಸ್3ಗೆ ಫೈಲ್ ಏರಿಸುವಾಗ ಟೈಪ್ ಹೇಳದೇ ಹೋದ್ರೆ 'ಬೈನರಿ/ಆಕ್ಟೆಟ್-ಸ್ಟ್ರೀಮ್' ಅಂತ ಬೀಳುತ್ತೆ. ಅಂದ್ರೆ ಏನೋ ಒಂದಷ್ಟು ಬೈಟ್‌ಗಳು. ಆ ಟಿಕೆಟ್‌ನ ಮೂಲ ಎಷ್ಟೋ ಸಲ ಇಷ್ಟೇ.

ಇನ್ನೊಂದು ಹೆಡರ್ ಕಂಟೆಂಟ್-ಡಿಸ್ಪೊಸಿಷನ್. ಇಮೇಲ್ ಲೋಕದಿಂದ ಬಂದದ್ದು. ವೆಬ್‌ಗೆ ಅಂತ 2011ರ ಆರ್‌ಎಫ್‌ಸಿ 6266 ಇದೆ. ಅದರಲ್ಲಿ 'ಅಟ್ಯಾಚ್‌ಮೆಂಟ್' ಅಂತಿದ್ರೆ, ತೋರಿಸೋಕೆ ಬರ್ತಿದ್ರೂ ಇಳಿಸಬೇಕು. 'ಇನ್‌ಲೈನ್' ಮಾತ್ರ ಬರೀ ಕೋರಿಕೆ. ಬಳಕೆದಾರರು ಪಿಡಿಎಫ್ ಇಳಿಸು ಅಂತ ಸೆಟ್ಟಿಂಗ್ ಇಟ್ಕೊಂಡಿದ್ರೆ ನಿಮ್ಮ ಮಾತು ನಡೆಯಲ್ಲ.

ಇದೆಲ್ಲ ಬರೀ ಅನುಕೂಲದ ವಿಷಯ ಅನ್ಕೋಬೇಡಿ. ಒಂದು ನೇಮಕಾತಿ ಪೋರ್ಟಲ್ ಊಹಿಸ್ಕೊಳ್ಳಿ. ಯಾರೋ ಒಬ್ಬ ರೆಸ್ಯೂಮೆ ಜಾಗದಲ್ಲಿ ಎಚ್‌ಟಿಎಂಎಲ್ ಫೈಲನ್ನೋ, ಒಳಗೆ ಸ್ಕ್ರಿಪ್ಟ್ ಇರೋ ಎಸ್‌ವಿಜಿ ಚಿತ್ರವನ್ನೋ ಏರಿಸ್ತಾನೆ. ಲಾಗಿನ್ ಆಗಿರೋ ಎಚ್‌ಆರ್ ಮೇಡಂ ಅದನ್ನ ತೆರೀತಾರೆ. ಫೈಲ್ ಪೋರ್ಟಲ್‌ನ ಡೊಮೈನ್‌ನಿಂದಲೇ ಇನ್‌ಲೈನ್ ಆಗಿ ಬಂದು, ಬೇರೆ ತಡೆ ಏನೂ ಇಲ್ಲದಿದ್ರೆ, ಆ ಸ್ಕ್ರಿಪ್ಟ್ ಓಡೋದು ಅವರ ಹೆಸರಲ್ಲೇ. ಅವರಿಗೆ ಕಾಣೋ ಫೋನ್ ನಂಬರ್, ಸಂಬಳದ ವಿವರ ಎಲ್ಲಾ ಅದಕ್ಕೂ ಸಿಗುತ್ತೆ. ಅದಕ್ಕೇ ಹೊರಗಿನವರು ಏರಿಸಿದ ಫೈಲಿಗೆ ಅಟ್ಯಾಚ್‌ಮೆಂಟೇ ಸರಿ ಅಂತೀನಿ ನಾನು, "ಒಂದು ಕ್ಲಿಕ್ ಜಾಸ್ತಿ ಆಯ್ತು" ಅಂತ ಪ್ರಾಡಕ್ಟ್ ಮ್ಯಾನೇಜರ್ ಗೊಣಗಿದ್ರೂ. ಗಿಟ್‌ಹಬ್ ಕಚ್ಚಾ ಫೈಲ್‌ಗಳನ್ನ ಬೇರೆ ಡೊಮೈನ್‌ನಿಂದ ಕೊಡೋದು ಸುಮ್ನೆ ಅಲ್ಲ.

ಜೊತೆಗೆ 'ನೋಸ್ನಿಫ್' ಹಾಕಿ. ಇಲ್ಲದಿದ್ರೆ, ಟೈಪ್ ಕಾಣದಾಗ ಬ್ರೌಸರ್ ಮೊದಲ ಬೈಟ್‌ಗಳನ್ನ ಮೂಸಿ ನೋಡಿ ತಾನೇ ಊಹೆ ಮಾಡುತ್ತೆ. ಲಿಂಕ್‌ಗೆ 'ಡೌನ್‌ಲೋಡ್' ಆಟ್ರಿಬ್ಯೂಟ್ ಹಾಕಿದ್ರೆ ಸಾಕಲ್ವಾ ಅಂತೀರಾ? ಅದು ಅದೇ ಒರಿಜಿನ್‌ನ ಫೈಲಿಗೆ ಮಾತ್ರ ಕೆಲಸ ಮಾಡುತ್ತೆ. ಮೇಲಾಗಿ, ಯುಆರ್‌ಎಲ್ಲನ್ನ ನೇರ ತೆರೆಯೋರಿಗೆ ಅದು ಇದ್ದೂ ಇಲ್ಲದ ಹಾಗೆ.

ಕೊನೇದಾಗಿ, ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದು. 'ಫೈಲ್‌ನೇಮ್' ಮುಂದೆ ನಕ್ಷತ್ರ ಚಿಹ್ನೆ ಹಾಕಿ, ಯುಟಿಎಫ್-8 ಅಂತ ಹೇಳಿ, ಹೆಸರನ್ನ ಶೇಕಡಾ ಚಿಹ್ನೆಗಳ ರೂಪದಲ್ಲಿ ಬರೀಬೇಕು. 'ವರದಿ' ಅನ್ನೋ ಪುಟ್ಟ ಪದ ಅಲ್ಲಿ 36 ಅಕ್ಷರ ಉದ್ದ ಆಗುತ್ತೆ. ಆಗಲಿ ಬಿಡಿ, ಇಳಿದ ಮೇಲೆ ಫೋಲ್ಡರ್‌ನಲ್ಲಿ 'ವರದಿ' ಅಂತಲೇ ಕಾಣುತ್ತೆ.