ಕೊನೇ ಸೀಟು ಯಾರಿಗೆ?

ನಮ್ಮ ಲೋಕಸಭಾ ಚುನಾವಣೆಯಲ್ಲಿ ಲೆಕ್ಕ ಸುಲಭ. ಕ್ಷೇತ್ರದಲ್ಲಿ ಯಾರಿಗೆ ಹೆಚ್ಚು ಮತ ಬಿತ್ತೋ ಅವರು ಗೆದ್ರು. ಜರ್ಮನಿ, ಸ್ಪೇನ್, ನ್ಯೂಜಿಲೆಂಡ್‌ಗಳಲ್ಲಿ ಹಾಗಲ್ಲ, ಪಕ್ಷಕ್ಕೆ ಬಿದ್ದ ಮತದ ಪ್ರಮಾಣ ನೋಡಿ ಸೀಟು ಹಂಚ್ತಾರೆ. ನ್ಯಾಯವಾಗೇ ಇದೆ, ಆದ್ರೆ ಸೀಟನ್ನ ತುಂಡು ಮಾಡೋಕಾಗಲ್ವಲ್ಲ!

ಒಂದು ಉದಾಹರಣೆ ತಗೊಳ್ಳೋಣ. 7 ಸೀಟು, 1 ಲಕ್ಷ ಮತ. ಎ ಪಕ್ಷಕ್ಕೆ 53,000, ಬಿಗೆ 24,000, ಸಿಗೆ 23,000. ನಿಖರವಾದ ಪಾಲು 3.71, 1.68, 1.61. ರೌಂಡ್ ಮಾಡಿದ್ರೆ 4, 2, 2. ಒಟ್ಟು 8 ಆಯ್ತು. ಇರೋದು 7. ಯಾರ ಕೈಯಿಂದ ಒಂದನ್ನ ಕಿತ್ಕೊಳ್ತೀರಿ?

ಬೆಲ್ಜಿಯಂನ ಡಾಂಟ್ 19ನೇ ಶತಮಾನದಲ್ಲಿ ಒಂದು ದಾರಿ ತೋರಿಸಿದ. ಪ್ರತಿ ಪಕ್ಷದ ಮತವನ್ನ 1, 2, 3, 4 ಅಂತ ಭಾಗಿಸ್ತಾ ಹೋಗಿ, ಬಂದ ಸಂಖ್ಯೆಗಳಲ್ಲಿ ದೊಡ್ಡ ಏಳನ್ನ ಆರಿಸ್ಕೊಳ್ಳಿ. ಫಲಿತಾಂಶ 4, 2, 1. ಬಿ ಮತ್ತು ಸಿ ನಡುವೆ ಬರೀ 1,000 ಮತದ ವ್ಯತ್ಯಾಸ, ಆದ್ರೂ ಬಿಗೆ ಎರಡರಷ್ಟು ಸೀಟು. ಒಟ್ಟಾರೆ ಈ ವಿಧಾನ ದೊಡ್ಡ ಪಕ್ಷಗಳ ಕಡೆ ವಾಲುತ್ತೆ.

ಫ್ರಾನ್ಸಿನ ಗಣಿತಜ್ಞ ಸ್ಯಾಂಟ್-ಲಾಗೂ ಹೆಸರಿನ ವಿಧಾನದಲ್ಲಿ 1, 3, 5, 7ರಿಂದ ಭಾಗಿಸ್ತಾರೆ. ಕೊನೇ ಸೀಟಿಗೆ ಸಿಯ ಸಂಖ್ಯೆ 7,667, ಎಯದು 7,571. ಸೀಟು ಸಿಗೆ ಹೋಯ್ತು. ಈಗ 3, 2, 2. ದೊಡ್ಡ ಪಕ್ಷ, ಸಣ್ಣ ಪಕ್ಷ ಅಂತ ಈ ವಿಧಾನ ಪಕ್ಷಪಾತ ಮಾಡಲ್ಲ. ಆದ್ರೆ ಇಲ್ಲಿ ಏನಾಯ್ತು ನೋಡಿ: ಶೇ. 53 ಮತ ಪಡೆದ ಪಕ್ಷ ವಿರೋಧ ಪಕ್ಷದಲ್ಲಿ ಕೂರಬೇಕಾಗಬಹುದು!

ಜರ್ಮನಿಯ ಸಂಸತ್ ಚುನಾವಣೆಗಳಲ್ಲಿ 1983ರವರೆಗೆ ಡಾಂಟ್ ವಿಧಾನ ಇತ್ತು. 1987ರಿಂದ 2005ರವರೆಗೆ ದೊಡ್ಡ ಶೇಷ ಉಳಿದವರಿಗೆ ಮಿಕ್ಕ ಸೀಟು ಕೊಡೋ ಪದ್ಧತಿ, 2009ರಿಂದ ಸ್ಯಾಂಟ್-ಲಾಗೂ. ಜೊತೆಗೆ, ಅರ್ಧಕ್ಕಿಂತ ಹೆಚ್ಚು ಮತ ಪಡೆದ ಪಕ್ಷಕ್ಕೆ ಸೀಟಲ್ಲೂ ಬಹುಮತ ಸಿಗಬೇಕು ಅಂತ ಕಾನೂನಲ್ಲೇ ಬರೆದಿಟ್ಟಿದ್ದಾರೆ. ನಮ್ಮ ಭಾಷೇಲಿ ಹೇಳೋದಾದ್ರೆ, ಎಡ್ಜ್ ಕೇಸ್‌ಗೆ ಮೊದಲೇ ಒಂದು ಇಫ್ ಕಂಡೀಷನ್.

ಇದಕ್ಕೆ ಕೋಡ್ ಬರೆಯೋಕೆ ಹತ್ತು ಸಾಲು ಸಾಕು. ಆದ್ರೆ ಯಾವ ಸಂಖ್ಯೆಯಿಂದ ಭಾಗಿಸಬೇಕು ಅನ್ನೋದನ್ನ ಕಂಪ್ಯೂಟರ್ ಹೇಳಲ್ಲ. ಯಾವ ಅನ್ಯಾಯವನ್ನ ಸಹಿಸ್ಕೋತೀವಿ ಅಂತ ಜನ ಚರ್ಚೆ ಮಾಡಿ, ಮತ ಎಣಿಸೋಕೆ ಮುಂಚೆ ಒಪ್ಕೊಂಡಿರಬೇಕು. ಎಣಿಸಿದ ಮೇಲೆ ಕೇಳಿದ್ರೆ ಪ್ರತಿ ಪಕ್ಷಕ್ಕೂ ತನಗೆ ಸೀಟು ಕೊಡೋ ಸೂತ್ರವೇ ಸರಿ ಅನ್ಸುತ್ತೆ.

ಹಾಗಾಗಿ ನಮ್ಮ ದೇಶಕ್ಕೂ ಪ್ರಮಾಣಾನುಗುಣ ಪದ್ಧತಿ ಬೇಕು ಅಂತ ಯಾರಾದ್ರೂ ವಾದ ಮಾಡಿದ್ರೆ, ಖಂಡಿತ ಕೇಳಿಸ್ಕೊಳ್ಳಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಯಾವುದರಿಂದ ಭಾಗಿಸ್ತೀರಿ ಸ್ವಾಮಿ?