ಅನುಬಂಧಕ್ಕೆ ಹೋದ ನಕ್ಷತ್ರ



1965ರಲ್ಲಿ ಉತ್ತರ ಐರ್ಲೆಂಡಿನ ಜೋಸೆಲಿನ್ ಬೆಲ್ ಪಿಎಚ್.ಡಿ. ಮಾಡಲು ಕೇಂಬ್ರಿಜ್‌ಗೆ ಬಂದರು. ಸುತ್ತಲಿನವರೆಲ್ಲ ತನಗಿಂತ ಜಾಣರು, ತನ್ನನ್ನು ಸೇರಿಸಿಕೊಂಡದ್ದೇ ತಪ್ಪು, ಇವತ್ತಲ್ಲ ನಾಳೆ ಹೊರಗೆ ಕಳಿಸುತ್ತಾರೆ ಎಂಬ ಅಳುಕು ಅವರಿಗಿತ್ತು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಈ ಅಳುಕು ಹೊಸದಲ್ಲ. ಊರ ಕಾಲೇಜಿಗೆ ಮೊದಲಿಗರಾಗಿದ್ದವರು ವಿಶ್ವವಿದ್ಯಾಲಯದಲ್ಲಿ ಹತ್ತರಲ್ಲಿ ಹನ್ನೊಂದು. ಆಗ ಒಂದೂ ತಪ್ಪಿಲ್ಲದಂತೆ ಬರೆಯುವ ಹಟ ಹುಟ್ಟುತ್ತದೆ. ಅಧ್ಯಾಯ ಸಿದ್ಧವಿದ್ದರೂ ಗೈಡ್‌ಗೆ ತೋರಿಸುವುದಿಲ್ಲ. ಇನ್ನೊಮ್ಮೆ ತಿದ್ದೋಣ, ಇನ್ನೊಂದು ಪುಸ್ತಕ ಓದೋಣ ಎನ್ನುತ್ತಲೇ ತಿಂಗಳುಗಳು ಉರುಳುತ್ತವೆ.

ಜೋಸೆಲಿನ್ ಬೇರೆಯೇ ನಿರ್ಧಾರಕ್ಕೆ ಬಂದರು: ಕಳಿಸುವ ದಿನ ಕಳಿಸಲಿ, ಅಲ್ಲಿಯವರೆಗೆ ಕೈಲಾದಷ್ಟು ದುಡಿಯುತ್ತೇನೆ. ರೇಡಿಯೋ ದೂರದರ್ಶಕದಿಂದ ದಿನಕ್ಕೆ ಸುಮಾರು 30 ಮೀಟರ್ ಕಾಗದದ ಸುರುಳಿ ಬರುತ್ತಿತ್ತು. ಅದನ್ನು ಕಣ್ಣಿಟ್ಟು ನೋಡುವುದು ಅವರ ಕೆಲಸ. 1967ರಲ್ಲಿ ಅದರಲ್ಲೊಂದು ಪುಟ್ಟ ಗೀಚು ಕಂಡಿತು. ಚೊಕ್ಕ ಫಲಿತಾಂಶಕ್ಕಾಗಿ ಹಂಬಲಿಸುವವರು ಅದನ್ನು ಕಸವೆಂದು ಬಿಡುತ್ತಿದ್ದರೇನೋ. ಜೋಸೆಲಿನ್‌ಗೆ ಅದೇನೆಂದು ತಿಳಿಯಬೇಕಿತ್ತು. ಬೆನ್ನುಹತ್ತಿದಾಗ ಸಿಕ್ಕಿದ್ದು ಸುಮಾರು 1.3 ಸೆಕೆಂಡಿಗೊಮ್ಮೆ ಮಿಡಿಯುವ ಪಲ್ಸಾರ್ ಎಂಬ ಬಗೆಯ ನಕ್ಷತ್ರ. ಅವರ ಥೀಸಿಸ್‌ನಲ್ಲಿ ಅದು ಅನುಬಂಧಕ್ಕೆ ಹೋಯಿತು. 1974ರಲ್ಲಿ ಈ ಶೋಧಕ್ಕೆ ಅವರ ಗೈಡ್ ಆಂಟನಿ ಹ್ಯೂಯಿಶ್ ಅವರಿಗೆ ನೊಬೆಲ್ ಬಂತು, ಜೋಸೆಲಿನ್‌ಗೆ ಬರಲಿಲ್ಲ. ಆದರೂ ಖಗೋಳವಿಜ್ಞಾನವನ್ನು ಬಿಡಲಿಲ್ಲ. 2018ರಲ್ಲಿ 30 ಲಕ್ಷ ಡಾಲರಿನ ಬಹುಮಾನ ಬಂದಾಗ ಅಷ್ಟನ್ನೂ ಸಂಶೋಧನಾ ವಿದ್ಯಾರ್ಥಿಗಳ ನೆರವಿಗೆ ಕೊಟ್ಟರು.

ಕೆಲಸದ ಮೇಲಿನ ಒಲವು ಇಂಥ ಕುತೂಹಲವೂ ಆಗಬಹುದು, ತಪ್ಪೇ ಇರಬಾರದೆಂಬ ಹಟವೂ ಆಗಬಹುದು. ಕೆನಡಾದ ಮನೋವಿಜ್ಞಾನಿ ರಾಬರ್ಟ್ ವ್ಯಾಲೆರಾಂಡ್ ಮತ್ತು ಸಂಗಡಿಗರು 2003ರಲ್ಲಿ ಎರಡು ಬಗೆಯ ತೀವ್ರ ಒಲವನ್ನು ವಿವರಿಸಿದರು. ಒಂದು, ನಾವೇ ಮನಸಾರೆ ಆರಿಸಿಕೊಂಡದ್ದು. ಊಟ, ನಿದ್ದೆ, ಸ್ನೇಹಗಳ ಜೊತೆ ಅದು ಹೊಂದಿಕೊಂಡು ಹೋಗುತ್ತದೆ. ಇನ್ನೊಂದು ನಮ್ಮನ್ನೇ ಹಿಡಿದು ಆಡಿಸುತ್ತದೆ. ಅದರಲ್ಲಿ ನಮ್ಮ ಆತ್ಮಗೌರವವೇ ಒತ್ತೆಗೆ ಬಿದ್ದಿರುತ್ತದೆ. ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಎರಡರಲ್ಲೂ ಕೆಲವು ದಿನ ದೀಪ ನಡುರಾತ್ರಿಯವರೆಗೆ ಉರಿಯುತ್ತದೆ. ವ್ಯತ್ಯಾಸ ಗೊತ್ತಾಗುವುದು ಲೆಕ್ಕ ತಪ್ಪಿದಾಗ. ಒಬ್ಬರಿಗೆ ಏಕೆ ತಪ್ಪಿತೆಂಬ ಕುತೂಹಲ, ಇನ್ನೊಬ್ಬರಿಗೆ ಯಾರಾದರೂ ನೋಡಿಬಿಟ್ಟರೆ ಎಂಬ ನಾಚಿಕೆ.

ಮನೆಯವರು, ಗೈಡ್‌ಗಳು ಇಲ್ಲಿ ನೆರವಾಗಬಹುದು. "ಯಾವಾಗ ಮುಗಿಯುತ್ತೆ?" ಎನ್ನುವ ಬದಲು "ಈ ವಾರ ಹೊಸದೇನು ಕಂಡೆ?" ಎಂದು ಕೇಳಬಹುದು. ವಿದ್ಯಾರ್ಥಿ ಮಿತ್ರರೇ, ಬಚ್ಚಿಟ್ಟ ಆ ಅಧ್ಯಾಯವನ್ನು ಇವತ್ತೇ ಗೈಡ್ ಕೈಗೆ ಕೊಡಿ. ಕೆಂಪು ಗೆರೆಗಳು ಬೀಳಲಿ. ಅವುಗಳಿಂದ ಅಧ್ಯಾಯ ಸುಧಾರಿಸುತ್ತದೆ, ನಿಮ್ಮ ಬೆಲೆಯೇನೂ ಇಳಿಯುವುದಿಲ್ಲ.